ಮುತ್ತುಮಾರಿಯ ಎಂಟು ನಿಮಿಷ

ತೇನಿಯಿಂದ ಆಂಡಿಪಟ್ಟಿಗೆ ಹೋಗುವ ರಸ್ತೆಯಲ್ಲಿ ಒಂದು ನೂಲಿನ ಮಿಲ್ಲು. ಗೇಟು ದಾಟಿದ ಕೂಡಲೆ ಎಡಗಡೆ ಪುಟ್ಟ ಕೋಣೆ, ಅದೇ ಟೈಮ್ ಆಫೀಸು. ಒಳಗೆ ಒಂದು ಮೇಜು, ಒಂದು ದಪ್ಪ ರಿಜಿಸ್ಟರು, ಗೋಡೆ ಮೇಲೆ ಲೋಲಕ ಆಡುವ ಹಳೇ ಗಡಿಯಾರ, ಅದರ ಕೆಳಗೆ ಸೈರನ್ನಿನ ಕೆಂಪು ಗುಂಡಿ. ಈ ನಾಲ್ಕಕ್ಕೂ ಒಡತಿ ಮುತ್ತುಮಾರಿ. ಒಡತಿ ಅಂದರೆ ಮಿಲ್ಲಿನ ಯಜಮಾನಿ ಅಂತಲ್ಲ ಮತ್ತೆ! ತಿಂಗಳ ಸಂಬಳದವಳೇ. ಆದರೆ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಅವಳ ಹೆಬ್ಬೆರಳು ಆ ಗುಂಡಿ ಒತ್ತದೆ ಹೋದರೆ ಇನ್ನೂರು ಜನ ಒಳಗೆ ಬರೋ ಹಾಗಿಲ್ಲ, ಇನ್ನೂರು ಜನ ಹೊರಗೆ ಹೋಗೋ ಹಾಗಿಲ್ಲ. ಇದಕ್ಕಿಂತ ಒಡೆತನ ಇನ್ನೇನು ಬೇಕು?

ಮೊದಲು ಆ ಕುರ್ಚಿಯಲ್ಲಿ ಕೂರುತ್ತಿದ್ದವನು ಅವಳ ಗಂಡ ರಾಮರ್. ಮದುವೆಯಾದ ಮೂರನೇ ವರ್ಷಕ್ಕೆ ಕಾಮಾಲೆ ಬಂದು ಹೋಗಿಬಿಟ್ಟ. ಮಕ್ಕಳಿಲ್ಲ ಮರಿಯಿಲ್ಲ. ಆಗಿನ ಯಜಮಾನರು ಕರೆದು, "ಗಂಡನ ಕೆಲಸ ನೀನೇ ಮಾಡಮ್ಮ. ಗಡಿಯಾರಕ್ಕೆ ಕೀ ಕೊಡೋದು ಕಲಿತರೆ ಸಾಕು" ಅಂದರು. ಅವತ್ತು ಅವಳಿಗೆ ಇಪ್ಪತ್ತಮೂರು. ತಾಳಿ ತೆಗೆದ ಕುತ್ತಿಗೆಗೆ ಕಪ್ಪು ದಾರದಲ್ಲಿ ಗಡಿಯಾರದ ಕೀ ಬಂತು. ಹದಿನೆಂಟು ವರ್ಷ ಅದನ್ನು ಅವಳು ಸ್ನಾನ ಮಾಡುವಾಗಲೂ ತೆಗೆದಿರಲಿಲ್ಲ.

ಆ ಗಡಿಯಾರದ್ದು ಒಂದು ವಿಶೇಷ ಇತ್ತು. ಅದು ಊರಿನ ಎಲ್ಲಾ ಗಡಿಯಾರಗಳಿಗಿಂತ ಎಂಟು ನಿಮಿಷ ಮುಂದೆ. ಕೆಟ್ಟು ಮುಂದೆ ಹೋದದ್ದಲ್ಲ, ಬೇಕಂತಲೇ ಇಟ್ಟದ್ದು. ಕೊಂಬೈ ಕಡೆ ಹೋಗುವ ಬಸ್ಸು ಎರಡು ಗಂಟೆಗೆ ಸರಿಯಾಗಿ ಗೇಟಿನ ಮುಂದೆ ನಿಲ್ಲುತ್ತಿತ್ತು. ಸೈರನ್ನೂ ಎರಡಕ್ಕೇ ಕೂಗಿದರೆ ಬೆಳಗಿನ ಪಾಳಿಯ ಹೆಂಗಸರು ಕೈಕಾಲು ತೊಳೆದು ಓಡಿ ಬರೋ ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅದಕ್ಕೇ ಹಳೇ ಯಜಮಾನರು ಗಡಿಯಾರವನ್ನೇ ಎಂಟು ನಿಮಿಷ ಮುಂದಕ್ಕೆ ತಳ್ಳಿಸಿದರು. ಆವತ್ತಿಂದ ಮಿಲ್ಲಿನಲ್ಲಿ ಎರಡು ಬಗೆ ಹೊತ್ತು. ಗೇಟಿನ ಹೊರಗೆ ಬಸ್ ಟೈಮು, ಒಳಗೆ ಮಿಲ್ ಟೈಮು. ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಮೊದಲ ದಿನ ಟೈಮ್ ಆಫೀಸಿಗೆ ಬಂದು ಕೈ ಚಾಚಬೇಕು. ಮುತ್ತುಮಾರಿ ಅವರ ವಾಚಿನ ತಿರುಪು ಹಿಡಿದು ಮಿಲ್ ಟೈಮಿಗೆ ತಿರುಗಿಸಿಕೊಡಬೇಕು. ಅದಾದ ಮೇಲೇ ರಿಜಿಸ್ಟರಿನಲ್ಲಿ ಹೆಸರು.

ಕೊಯಮತ್ತೂರಿನಿಂದ ಬಂದ ಹೊಸ ಮೇನೇಜರೂ ಕೈ ಚಾಚಿದ್ದರು. ಮಿಲ್ಲಿನ ಗಡಿಯಾರ ಅಂದಮೇಲೆ ಸರಿಯಾಗೇ ಇರುತ್ತೆ, ನನ್ನ ವಾಚೇ ಹಿಂದೆ ಬಿದ್ದಿದೆ ಅಂತ ಅವರು ತಿಳಿದರು. ಮುತ್ತುಮಾರಿಯೂ ಬಿಡಿಸಿ ಹೇಳಲಿಲ್ಲ. ಮೇನೇಜರಿಗೆ ಪಾಠ ಹೇಳೋಕೆ ಅವಳಿಗೇನು ಹುಚ್ಚೇ? ಮನೆಯಲ್ಲಿ ಟೀವಿ ವಾರ್ತೆ ದಿನಾ ಎಂಟು ನಿಮಿಷ ತಡವಾಗಿ ಶುರುವಾಗುತ್ತೆ ಅಂತ ಅವರು ಕೇಬಲ್ಲಿನವನನ್ನು ಕರೆಸಿ ಬೈದರಂತೆ. ಈ ಸುದ್ದಿ ಕೇಳಿ ಮುತ್ತುಮಾರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಅವಳು ಹಾಗೆ ಮನಸಾರೆ ನಕ್ಕದ್ದು ಅದೇ ಕೊನೆ ಅಂತ ಕಾಣುತ್ತೆ. ಯಾಕೆಂದರೆ ಮುಂದಿನ ತಿಂಗಳೇ ತಮಿಳರಸಿ ಬಂದಳು.

ತಮಿಳರಸಿ ಬೇರೆ ಯಾರೋ ಅಲ್ಲ, ಕೊಂಬೈಯಲ್ಲಿರುವ ಚಿಕ್ಕಮ್ಮನ ಮಗಳು. ತಂಗಿಯೇ. ಅಕ್ಕನಿಗೂ ತಂಗಿಗೂ ಹತ್ತೊಂಬತ್ತು ವರ್ಷದ ಅಂತರ. ಆ ಹುಡುಗಿಗೆ ಗಂಟೆ ನೋಡೋದು ಕಲಿಸಿದವಳೇ ಮುತ್ತುಮಾರಿ. ರಟ್ಟಿನ ಮೇಲೆ ಬಳೆ ಇಟ್ಟು ಗುಂಡಗೆ ಗೀಟೆಳೆದು, ಪೊರಕೆ ಕಡ್ಡಿ ಮುರಿದು ಮುಳ್ಳು ಮಾಡಿ. ದೊಡ್ಡವಳಾಗಿ ದಿಂಡುಕ್ಕಲ್ಲಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಬಂದಾಗ, ಮೇನೇಜರ ಹತ್ತಿರ ಹೋಗಿ, "ನಮ್ಮ ಹುಡುಗಿ ಸಾರ್, ಕೆಲಸ ಕೊಡಿ" ಅಂತ ಕೇಳಿದವಳೂ ಅವಳೇ. ತನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ ರಿಜಿಸ್ಟರು ಬರೆಸಬಹುದು, ಅಕ್ಕ ಅಂತ ಹಿಂದೆ ಮುಂದೆ ಸುತ್ತಿಕೊಂಡು ಇರುತ್ತಾಳೆ ಅನ್ನೋದು ಅವಳ ಲೆಕ್ಕಾಚಾರ.

ಲೆಕ್ಕಾಚಾರ ಮಣ್ಣುಪಾಲಾಯಿತು. ಹುಡುಗಿಗೆ ಸಿಕ್ಕಿದ್ದು ಹೊಸದಾಗಿ ತರಿಸಿದ ಕಂಪ್ಯೂಟರಿನ ಎ.ಸಿ. ರೂಮು! ಗಾಜಿನ ಬಾಗಿಲು, ಗಾಲಿ ಇರುವ ಕುರ್ಚಿ, ಒಳಗೆ ಹೋಗೋರೆಲ್ಲ ಚಪ್ಪಲಿ ಬಿಡಬೇಕು. ದೇವಸ್ಥಾನವೇ ಅದು? ಹದಿನೆಂಟು ವರ್ಷ ದುಡಿದವಳಿಗೆ ಒಂದು ಫ್ಯಾನು, ಅದೂ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬೀಸುವಾಗ ತಾನಾಗೇ ಸುತ್ತುವ ಫ್ಯಾನು. ನಿನ್ನೆ ಬಂದವಳಿಗೆ ಎ.ಸಿ. ಮೇನೇಜರು ಇವಳನ್ನು "ಏಯ್ ಮುತ್ತುಮಾರಿ" ಅಂತಿದ್ದರು. ಅವಳನ್ನು "ಬನ್ನೀಮ್ಮ, ಕೂತ್ಕೊಳ್ಳೀಮ್ಮ" ಅಂದರು. ಮುತ್ತುಮಾರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬಾಯಲ್ಲಿ ಮಾತ್ರ, "ನಮ್ಮ ತಂಗಿ ಸಾರ್, ನಾನೇ ಎತ್ತಿ ಆಡಿಸಿದ್ದು" ಅಂದಳು.

ಮೊದಲ ದಿನ ತಮಿಳರಸಿ ಟೈಮ್ ಆಫೀಸಿನ ಬಾಗಿಲಲ್ಲಿ ನಿಂತು, "ಅಕ್ಕಾ, ಹೋಗ್ ಬತ್ತೀನಿ" ಅಂದಾಗ ಅವಳ ಕೈಯಲ್ಲಿ ಹೊಸ ವಾಚಿತ್ತು. ಚಿನ್ನದ ಬಣ್ಣದ ಚೈನು, ಸಣ್ಣ ಮುಖ. ಪದ್ಧತಿ ಪ್ರಕಾರ ಮುತ್ತುಮಾರಿ, "ಕೈ ಕೊಡು" ಅನ್ನಬೇಕಿತ್ತು. ಅನ್ನಲಿಲ್ಲ. ರಿಜಿಸ್ಟರಿನ ಮೇಲೆ ತಲೆ ಬಗ್ಗಿಸಿಕೊಂಡು, "ಹೋಗು ಹೋಗು, ನಿಂಗೆ ಎ.ಸಿ. ಕಾಯ್ತಾ ಅದೆ" ಅಂದಳು. ಮಿಲ್ಲಿನ ಚರಿತ್ರೆಯಲ್ಲೇ ವಾಚು ತಿರುಗಿಸಿಕೊಳ್ಳದೆ ಕೆಲಸಕ್ಕೆ ಹೋದವಳು ಅವಳೊಬ್ಬಳೇ. ಅದು ಆ ಹುಡುಗಿಗೆ ಗೊತ್ತಾಗಲೂ ಇಲ್ಲ.

ಕಂಪ್ಯೂಟರಿನ ಕೆಲಸ ಏನಂದರೆ, ನೂಲುವ ಯಂತ್ರಗಳಿಂದೆಲ್ಲ ಅದಕ್ಕೆ ವೈರು ಎಳೆದಿದ್ದರು. ಯಾವ ಯಂತ್ರ ನಿಂತರೂ, ಯಾವುದು ಓಡಿದರೂ, ಅದು ತಾನಾಗಿ ಒಂದು ಸಾಲು ಬರೆದುಕೊಳ್ಳುತ್ತಿತ್ತು. ಯಾವ ಯಂತ್ರ, ಏನಾಯಿತು, ಎಷ್ಟು ಹೊತ್ತಿಗೆ ಆಯಿತು. ಮುತ್ತುಮಾರಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದೂ ಅದನ್ನೇ. ಮೇನೇಜರು ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿಬಿಟ್ಟರು: "ಒಂದು ತಿಂಗಳು ಎರಡೂ ನಡೀಲಿ. ಕಂಪ್ಯೂಟರ್ ಸರಿಯಾಗಿ ಬರೆದರೆ ರಿಜಿಸ್ಟರ್ ಮುಚ್ಚೋಣ, ಮುತ್ತುಮಾರಿ ಪ್ಯಾಕಿಂಗಿಗೆ ಹೋಗಲಿ. ಸರಿಯಾಗದೆ ಹೋದರೆ ಕಂಪ್ಯೂಟರ್ ವಾಪಸ್ಸು, ಅದರ ಜೊತೆ ಈ ಹೊಸ ಕೆಲಸಾನೂ ಇಲ್ಲ." ತಮಿಳರಸಿ ಅಕ್ಕನ ಕಡೆ ನೋಡಿದಳು. ಅಕ್ಕ ಕುತ್ತಿಗೆಯ ಕೀ ಮುಟ್ಟಿಕೊಂಡು ಗೋಡೆ ನೋಡುತ್ತಿದ್ದಳು. ಪ್ಯಾಕಿಂಗಿನಲ್ಲಿ ನೂಲು ಸುತ್ತಿದ ಕೋನುಗಳನ್ನು ಪೆಟ್ಟಿಗೆಗೆ ತುಂಬಬೇಕು. ಅಲ್ಲಿ ಗಡಿಯಾರವೂ ಇಲ್ಲ, ಕಿಟಕಿಯೂ ಇಲ್ಲ.

ತೊಂಬತ್ತೆಂಟನೇ ಇಸವಿ, ಆಡಿ ತಿಂಗಳ ಮೊದಲ ವಾರ ಪರೀಕ್ಷೆ ಶುರುವಾಯಿತು. ಎರಡೇ ದಿನಕ್ಕೆ ಗದ್ದಲ. ಪಾಳಿ ಮೇಸ್ತ್ರಿ ಕರುಪ್ಪಸಾಮಿ ಎರಡು ಗಂಟೆಗೆ ಎಂಟು ನಿಮಿಷ ಮೊದಲೇ ಯಂತ್ರ ನಿಲ್ಲಿಸಿ ಜನರನ್ನು ಮನೆಗೆ ಕಳಿಸುತ್ತಾನೆ ಅಂತ ಕಂಪ್ಯೂಟರ್ ಕಾಗದ ಕಾರಿತು. ಮಿಲ್ ಟೈಮು ಮೈಗೂಡಿದ್ದ ಕರುಪ್ಪಸಾಮಿಗೆ ಬಸ್ ಟೈಮಿನ ನೆನಪೇ ಬರಲಿಲ್ಲ, ಕೂಗಾಡಿದ. "ಸೈರನ್ ಕೂಗಿದ ಮೇಲೆ ಸಾರ್ ನಿಲ್ಲಿಸಿದ್ದು! ಸಮಯಪುರದಮ್ಮನ ಮೇಲೆ ಆಣೆ! ಮುತ್ತುಮಾರಿಯನ್ನೇ ಕೇಳಿ!" ಮೇನೇಜರೂ ತಮ್ಮ ವಾಚು ನೋಡಿಕೊಂಡರು. ಸೈರನ್ ಕೂಗಿದಾಗ ಅವರ ವಾಚಿನಲ್ಲಿ ಎರಡು ಹೊಡೆದದ್ದು ಅವರಿಗೆ ನೆನಪಿತ್ತು. ಹಾಗಾದರೆ ತಪ್ಪು ಯಾರದು? ಕಂಪ್ಯೂಟರಿನದೇ!

ಮುತ್ತುಮಾರಿಗೆ ಆ ಕ್ಷಣವೇ ಎಲ್ಲ ತಿಳಿದುಹೋಯಿತು. ಹುಡುಗಿ ಬೆಳಿಗ್ಗೆ ಮನೆಯಲ್ಲಿ ಮದುರೈ ರೇಡಿಯೋ ಕೇಳಿ ವಾಚು ಇಡುತ್ತಾಳೆ, ವಾಚು ನೋಡಿ ಕಂಪ್ಯೂಟರಿಗೆ ಹೊತ್ತು ಇಡುತ್ತಾಳೆ. ಹೊರಗಿನ ಹೊತ್ತು ಒಳಗೆ ಬಂದು ಕೂತಿದೆ. ಒಂದು ಮಾತು ಹೇಳಿದರೆ ಮುಗಿಯಿತು. ಮುತ್ತುಮಾರಿ ತುಟಿ ಬಿಚ್ಚಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಮಧ್ಯಾಹ್ನ ತಮಿಳರಸಿ ಬಂದಳು. ಮುಖ ಬಾಡಿತ್ತು. ಗೋಡೆ ಗಡಿಯಾರ ನೋಡಿದಳು, ತನ್ನ ವಾಚು ನೋಡಿದಳು.

"ಅಕ್ಕಾ, ನಿನ್ ಗಡಿಯಾರ ಎಂಟು ನಿಮಿಷ ಮುಂದೆ ಅದೆಯಲ್ಲ!"

"ನಿನ್ ವಾಚು ಹಿಂದೆ ಅದೆ."

"ರೇಡಿಯೋ ಕೇಳಿ ಇಟ್ಟಿದ್ದು ಅಕ್ಕಾ."

"ಹಂಗಾರೆ ರೇಡಿಯೋದವರನ್ನೇ ಕೇಳ್ಕೋ ಕಂದಾ. ನೀನು ತಾನೆ ಓದ್ದೋಳು, ನಂಗೇನ್ ಗೊತ್ತು?"

ಹುಡುಗಿ ಎದುರಾಡಲಿಲ್ಲ. ಅವಳು ಎದುರಾಡಿದ್ದರೆ ಚೆನ್ನಾಗಿರುತ್ತಿತ್ತು. ಜಗಳವಾದರೂ ಆಗುತ್ತಿತ್ತು, ಹೊಟ್ಟೆಯಲ್ಲಿದ್ದದ್ದು ಹೊರಗೆ ಬರುತ್ತಿತ್ತು. ಅವಳು ಸುಮ್ಮನೆ ಹೋಗಿ, ಅಕ್ಕ ಹೇಳಿದ್ದೇ ಸರಿ ಅಂತ, ಕಂಪ್ಯೂಟರಿನ ಹೊತ್ತಿಗೆ ಎಂಟು ನಿಮಿಷ ಕೂಡಿಸಿದಳು. ಮರುದಿನ ಕಾಗದಕ್ಕೂ ಸೈರನ್ನಿಗೂ ತಾಳೆ ಬಿತ್ತು. ಮೇನೇಜರು, "ಸೂಪರಮ್ಮ!" ಅಂದರು. ಇಡೀ ಮಿಲ್ಲಿಗೆ ಕೇಳೋ ಹಾಗೆ ಅಂದರು.

ಆ ಎಂಟು ನಿಮಿಷವನ್ನು ಕಾಪಾಡಿಕೊಂಡು ಬಂದವಳು ಯಾರು? ಹದಿನೆಂಟು ವರ್ಷ ವಾರಕ್ಕೊಂದು ಸಲ ಕೀ ಕೊಟ್ಟು, ಮಳೆಗಾಲದಲ್ಲಿ ನಿಧಾನವಾದರೆ ಸರಿಪಡಿಸಿ, ಒಂದು ನಿಮಿಷ ಆಚೀಚೆ ಆಗದ ಹಾಗೆ ನೋಡಿಕೊಂಡವಳು ಯಾರು? ಅವಳಿಗೊಂದು ಸೂಪರಮ್ಮ ಇಲ್ಲ. ಒಂದು ಗುಂಡಿ ತಟ್ಟಿ ಎಂಟು ಕೂಡಿಸಿದವಳು ಸೂಪರಮ್ಮ!

ಮರುದಿನ ಬೆಳಿಗ್ಗೆ ಆರರ ಸೈರನ್ ಆದಮೇಲೆ, ಯಾರೂ ಇಲ್ಲದ ಹೊತ್ತು ನೋಡಿ, ಮುತ್ತುಮಾರಿ ಗಡಿಯಾರದ ಗಾಜು ತೆರೆದಳು. ಬೆರಳಿಂದ ದೊಡ್ಡ ಮುಳ್ಳನ್ನು ಎರಡು ನಿಮಿಷ ಮುಂದಕ್ಕೆ ನೂಕಿದಳು. ಗೋಡೆಯ ಮೇಲೆ ಗಂಡನ ಫೋಟೋ ಇದ್ದಿದ್ದರೆ ನೂಕುತ್ತಿರಲಿಲ್ಲವೇನೋ. ಫೋಟೋ ಮನೆಯಲ್ಲಿತ್ತು.

ಎಂಟು ನಿಮಿಷ ಹೋಗಿ ಹತ್ತಾಯಿತು. ಕಂಪ್ಯೂಟರಿನ ಕಾಗದ ಮತ್ತೆ ತಪ್ಪಿತು. ತಮಿಳರಸಿ ಇನ್ನೆರಡು ಕೂಡಿಸಿದಳು. ಮುತ್ತುಮಾರಿ ಹನ್ನೆರಡು ಮಾಡಿದಳು. ಅವಳು ಇನ್ನೆರಡು ಕೂಡಿಸಿದಳು. ಇವಳು ಹದಿನಾಲ್ಕು ಮಾಡಿದಳು. ಗಡಿಯಾರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹದಿನೆಂಟು ವರ್ಷ ತಪ್ಪದ ಗಡಿಯಾರ ಈಗ ಯಾಕೆ ತಪ್ಪುತ್ತೆ? ಮೇನೇಜರು ತಮ್ಮ ವಾಚೇ ನಿಧಾನವಾಗಿದೆ ಅಂತ ತೇನಿಯಲ್ಲಿ ಸೆಲ್ ಬದಲಾಯಿಸಿದರು. ಕೆಲಸದವರು ಸೈರನ್ನಿಗೆ ತಮ್ಮ ತಮ್ಮ ವಾಚು ತಿರುಗಿಸಿಕೊಂಡು, ಈ ಬಸ್ಸಿನವನು ದಿನೇ ದಿನೇ ತಡಮಾಡುತ್ತಾನೆ ಅಂತ ಬೈದುಕೊಂಡರು.

ಬಸ್ಸಿನ ವಿಷಯ ಮುತ್ತುಮಾರಿ ಯೋಚಿಸಿರಲಿಲ್ಲ. ಹೊರಗೆ ಹೋಗುವವರಿಗೆ ಗಡಿಯಾರ ಮುಂದಾದರೆ ಒಳ್ಳೆಯದೇ. ಒಳಗೆ ಬರುವವರ ಗತಿ? ಆಂಡಿಪಟ್ಟಿಯ ಬಸ್ಸು ಎರಡನೇ ಪಾಳಿಯ ಹನ್ನೊಂದು ಹೆಂಗಸರನ್ನು ಇಳಿಸುತ್ತಿದ್ದದ್ದು ಒಂದು ಮುಕ್ಕಾಲಿಗೆ, ಬಸ್ ಟೈಮಿನಲ್ಲಿ. ಮೊದಲು ಸೈರನ್ನಿಗೆ ಏಳು ನಿಮಿಷ ಸಿಗುತ್ತಿತ್ತು. ಈಗ ಒಂದೇ ನಿಮಿಷ. ಚಿಕ್ಕವರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ದಾಟಿಬಿಟ್ಟರು. ಅವರಲ್ಲೆಲ್ಲ ಹಿರಿಯಳಾದ ಅಳಗಮ್ಮಾಳಿಗೆ ಮಂಡಿ ನೋವು, ಓಡಲಾರಳು. ಅವಳು ಗೇಟಿಗೆ ಬರುವಷ್ಟರಲ್ಲಿ ಸೈರನ್ ನಿಂತಿತ್ತು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಮುತ್ತುಮಾರಿ, 'ತಡ' ಅಂತ ಬರೆದಳು. ಮರುದಿನ ಇನ್ನೊಂದು 'ತಡ'. ಮೂರನೇ ತಡಕ್ಕೆ ಗೇಟಿನಿಂದಲೇ ವಾಪಸ್ಸು, ಮತ್ತೆ ಮೇನೇಜರು ಕರೆದಾಗಲೇ ಕೆಲಸ. ಅದು ಮಿಲ್ಲಿನ ಕಾನೂನು.

"ಮೂವತ್ತು ವರ್ಷದಲ್ಲಿ ತಡ ಅಂತ ಬರೆಸಿಕೊಂಡೋಳಲ್ಲ ನಾನು," ಅಂತ ಅಳಗಮ್ಮಾಳ್ ಮಂಡಿ ನೀವಿಕೊಳ್ಳುತ್ತಾ ಅಂದಳು. "ಈ ಹಾಳು ಬಸ್ಸು!"

"ನಾಳೆ ಸ್ವಲ್ಪ ಬೇಗ ಬಾ ಅಕ್ಕಾ" ಅಂದಳು ಮುತ್ತುಮಾರಿ, ಕಣ್ಣೆತ್ತದೆ. ಬೇಗ ಬರೋಕೆ ಬೇರೆ ಬಸ್ಸಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅವತ್ತು ಅವಳಿಗೆ ಊಟ ಸೇರಲಿಲ್ಲ. ನಾಳೆ ಗಡಿಯಾರವನ್ನು ಮೊದಲಿನ ಜಾಗಕ್ಕೆ ತಂದುಬಿಡೋಣ, ಸಾಕು ಈ ಸಾವಾಸ ಅಂತ ನಿಜವಾಗಿ ಅಂದುಕೊಂಡಳು.

ಆದರೆ ಅವತ್ತೇ ಸಾಯಂಕಾಲ ತಮಿಳರಸಿ ಮೇನೇಜರನ್ನೂ ಎಲೆಕ್ಟ್ರಿಷಿಯನ್ನನ್ನೂ ಕರೆದುಕೊಂಡು ಟೈಮ್ ಆಫೀಸಿಗೆ ಬಂದಳು. ಹುಡುಗಿಯ ಕಣ್ಣು ಹೊಳೆಯುತ್ತಿತ್ತು.

"ಅಕ್ಕಾ, ತಪ್ಪು ಸಿಕ್ಕಿತು. ನಾನು ಕೇಳಬಾರದ ಗಡಿಯಾರವನ್ನ ಕೇಳ್ತಿದ್ದೆ!"

ಆಮೇಲೆ ಮೇನೇಜರ ಕಡೆ ತಿರುಗಿ ತಮಿಳಿನಲ್ಲಿ ಬಿಡಿಸಿ ಹೇಳಿದಳು. ಸಾಲು ಬರೆಯುವ ಕೆಲಸವನ್ನು ಅವಳು ತಾನೇ ಮಾಡಿರಲಿಲ್ಲ. ಅದಕ್ಕೆ ಅಂತಲೇ ಯಾರೋ ಬರೆದಿಟ್ಟ ಲಾಗ್ ಲೈಬ್ರರಿ ಅನ್ನೋ ಸಿದ್ಧ ಪ್ರೋಗ್ರಾಮು ಇತ್ತು, ಫ್ಲಾಪಿಯಲ್ಲಿ ಬಂದದ್ದು. ಅದು ಸಾಲು ಬರೆಯುವ ಮುಂಚೆ ಪ್ರತಿ ಸಲವೂ, ಈಗ ಎಷ್ಟು ಹೊತ್ತು ಅಂತ ಕೇಳುತ್ತೆ. ಯಾರನ್ನು ಕೇಳಬೇಕು ಅಂತ ಹೇಳದೆ ಇದ್ದರೆ ಕಂಪ್ಯೂಟರಿನೊಳಗಿನ ಗಡಿಯಾರವನ್ನೇ ಕೇಳಿಬಿಡುತ್ತೆ. ಆದರೆ ಬೇರೆ ಯಾರನ್ನಾದರೂ ಕೇಳು ಅಂತ ನಾವು ಹೇಳಿಕೊಡಬಹುದು. ಅದಕ್ಕೆ ಸೆಟ್ಟಿಂಗಿನಲ್ಲಿ ಒಂದು ಸಾಲಿನ ಜಾಗ ಇದೆ. ದಿಂಡುಕ್ಕಲ್ಲಿನಲ್ಲಿ ಪಾಠ ಹೇಳಿದವರು ಯಾರೂ ಅದನ್ನು ಮುಟ್ಟಿರಲಿಲ್ಲ. ಅವಳು ಲೈಬ್ರರಿ ಜೊತೆ ಬಂದ ಪುಸ್ತಕ ಓದಿ ಕಂಡುಕೊಂಡಿದ್ದಳು.

"ಇನ್ಮೇಲೆ ಸೈರನ್ ಗುಂಡಿಯಿಂದ ಕಂಪ್ಯೂಟರಿಗೆ ವೈರು ಎಳೀತೀವಿ ಸಾರ್. ಅಕ್ಕ ಆರಕ್ಕೆ ಒತ್ತಿದರೆ ಕಂಪ್ಯೂಟರಿಗೂ ಆರು. ಎರಡಕ್ಕೆ ಒತ್ತಿದರೆ ಎರಡು. ನಡುವಿನ ಹೊತ್ತು ಮಾತ್ರ ಅದು ತಾನೇ ಎಣಿಸಿಕೊಳ್ಳುತ್ತೆ." ಆಮೇಲೆ ಅಕ್ಕನಿಗೆ ಮನೆಮಾತು ಕನ್ನಡದಲ್ಲಿ, "ಅಕ್ಕಾ, ಆ ಸಾಲಿನಲ್ಲಿ ನಿನ್ ಹೆಸರೇ ಹಾಕ್ದೆ. ಹೊತ್ತು ಎಲ್ಲಿಂದ? ಮುತ್ತುಮಾರಿಯಿಂದ. ಇಷ್ಟು ದೊಡ್ಡ ಯಂತ್ರ ನಿನ್ನನ್ನ ಕೇಳಿ ಬರೀತದೆ ಇನ್ನು!" ಅಂದಳು.

ಬೇರೆ ಯಾವ ಹೆಂಗಸಾದರೂ ಅವಳನ್ನು ತಬ್ಬಿಕೊಳ್ಳುತ್ತಿದ್ದಳು. ಮುತ್ತುಮಾರಿಯೂ ತಬ್ಬಿಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಮೇನೇಜರು ಬಾಯಿ ಹಾಕಿದರು. "ಎಂಥಾ ತಲೆಯಮ್ಮ ನಿಂದು! ದಿಂಡುಕ್ಕಲ್ ಮಿಲ್ಲಿಗೂ ಇದನ್ನೇ ಹಾಕಿಸೋಣ. ಏಯ್ ಮುತ್ತುಮಾರಿ, ವೈರು ಎಳೆಯೋಕೆ ಆ ಮೇಜು ಸ್ವಲ್ಪ ಸರಿಸು." ಮುತ್ತುಮಾರಿ ಮೇಜು ಸರಿಸಿದಳು. ಗಡಿಯಾರ ತನ್ನದು, ಹೆಬ್ಬೆರಳು ತನ್ನದು, ಹೆಸರೂ ತನ್ನದೇ. ತಲೆ ಮಾತ್ರ ಅವಳದಂತೆ! ಎಂಥಾ ತಲೆಯಮ್ಮ ನಿಂದು! ರಟ್ಟಿನ ಗಡಿಯಾರದಲ್ಲಿ ಮೂರೂ ಕಾಲಿಗೂ ಮೂರೂ ಮುಕ್ಕಾಲಿಗೂ ವ್ಯತ್ಯಾಸ ತಿಳಿಯದೆ ಅಳುತ್ತಿದ್ದ ತಲೆ ಅದು.

ಮರುದಿನ ಆರರ ಸೈರನ್ ಒತ್ತಿದ ಮೇಲೆ ಅವಳು ಗಾಜು ತೆರೆದು ಮುಳ್ಳನ್ನು ನೂಕಿದಳು. ಎರಡಲ್ಲ, ಒಂದೇ ಏಟಿಗೆ ಐದು ನಿಮಿಷ. ನನ್ನನ್ನು ಕೇಳಿ ಬರೀತೀಯಾ? ಬರಿ, ಏನು ಬರೀತೀಯೋ ನೋಡೋಣ ಅನ್ನೋ ಹಟ. ಈಗ ಗಡಿಯಾರ ಹತ್ತೊಂಬತ್ತು ನಿಮಿಷ ಮುಂದೆ.

ಎರಡಾಯಿತು, ಅವಳ ಎರಡು. ಒತ್ತಿದಳು. ಸೈರನ್ ಕೂಗಿ ನಾಲ್ಕು ನಿಮಿಷವಾದ ಮೇಲೆ ಆಂಡಿಪಟ್ಟಿ ಬಸ್ಸು ಬಂತು. ಹನ್ನೊಂದು ಜನವೂ ತಡ. ಹತ್ತು ಜನರಿಗೆ ಅದು ಮೊದಲನೇ ಸಲ, ಬೈಗುಳ ತಿಂದು ಒಳಗೆ ಹೋದರು. ಅಳಗಮ್ಮಾಳಿಗೆ ಮೂರನೇದು. ವಾಚ್‌ಮನ್ ಗೇಟು ಮುಚ್ಚಿದ. ಅಳಗಮ್ಮಾಳ್ ಕಂಬಿ ಹಿಡಿದು ನಿಂತು ಒಳಗೆ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. "ನೀನಾರ ಒಂದ್ ಮಾತು ಹೇಳೇ ಮುತ್ತು" ಅಂದಳು, ಅಷ್ಟೇ. ಮುತ್ತುಮಾರಿ ಪೆನ್ನು ಹಿಡಿದು ಕೂತೇ ಇದ್ದಳು. ಅಳಗಮ್ಮಾಳ್ ತಿರುಗಿ, ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಬಸ್ಸಿಲ್ಲದ ರಸ್ತೆಯಲ್ಲಿ ಆಂಡಿಪಟ್ಟಿ ಕಡೆ ಕುಂಟುತ್ತಾ ಹೊರಟಳು.

ಮೂರು ಗಂಟೆಗೆ ಮೇನೇಜರ ರೂಮಿಂದ ಕರೆ ಬಂತು. ರಿಜಿಸ್ಟರ್ ಹಿಡಿದುಕೊಂಡು ಹೋದಳು. ತಮಿಳರಸಿ ಆಗಲೇ ನಿಂತಿದ್ದಳು. ಮೇಜಿನ ಮೇಲೆ ಕಂಪ್ಯೂಟರಿನ ಉದ್ದನೆ ಕಾಗದ. ಮೇನೇಜರು ಒಂದು ಸಾಲಿನ ಮೇಲೆ ಬೆರಳಿಟ್ಟು ತಮಿಳರಸಿಯನ್ನು ಕೇಳಿದರು.

"ಇದೇನಮ್ಮ ಇದು? ಆರರ ಸೈರನ್ನಿಂದ ಎರಡರ ಸೈರನ್ನಿಗೆ ಎಂಟು ಗಂಟೆ ಆಗಬೇಕಲ್ಲ? ಇದು ಏಳು ಗಂಟೆ ಐವತ್ತೈದು ನಿಮಿಷ ಅಂತಿದೆ!"

ಬೆಳಿಗ್ಗೆ ನೂಕಿದ ಐದು ನಿಮಿಷ ಸಿಕ್ಕಿಬಿದ್ದಿತು ಅಂತ ಮುತ್ತುಮಾರಿಗೆ ಗೊತ್ತಾಯಿತು. ನಡುವಿನ ಹೊತ್ತು ಅದು ತಾನೇ ಎಣಿಸಿಕೊಳ್ಳುತ್ತೆ ಅಂತ ಹುಡುಗಿ ಹೇಳಿದ್ದಳು. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ತಮಿಳರಸಿ ಆ ಸಾಲು ನೋಡಿದಳು. ಅವಳ ಕೈಯಲ್ಲಿ ಹಿಂದಿನ ದಿನಗಳ ಕಾಗದವೂ ಇತ್ತು. ಎಂಟು, ಹತ್ತು, ಹನ್ನೆರಡು, ಹದಿನಾಲ್ಕು ಅಂತ ಅವಳೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದು. ಅದನ್ನೂ ನೋಡಿದಳು. ಆಮೇಲೆ ತಲೆಯೆತ್ತಿ ಅಕ್ಕನನ್ನು ನೋಡಿದಳು. ತಿಳಿದುಹೋಯಿತು ಅವಳಿಗೆ. ತಿಳಿದದ್ದು ಮುತ್ತುಮಾರಿಗೂ ತಿಳಿಯಿತು.

"ಕಂಪ್ಯೂಟರಿನದೇ ತಪ್ಪು ಸಾರ್," ಅಂದಳು ತಮಿಳರಸಿ. ದನಿ ನೆಟ್ಟಗಿತ್ತು. "ಒಳಗಿನ ಎಣಿಕೆ ನಿಧಾನವಾಗಿದೆ. ನನಗೆ ಸರಿಮಾಡೋಕೆ ಬರಲಿಲ್ಲ."

"ಹಾಗಾದರೆ ಇಷ್ಟು ದಿನ ಎಲ್ಲರನ್ನೂ ಸುಮ್ಮನೆ ಕುಣಿಸಿದೆಯಾ?" ಮೇನೇಜರು ಕಾಗದ ಮಡಿಸಿ ಎಸೆದರು. ಬನ್ನೀಮ್ಮ ಕೂತ್ಕೊಳ್ಳೀಮ್ಮ ಎಲ್ಲ ಹಾರಿಹೋಗಿತ್ತು. "ಸಾಕು. ತಿಂಗಳು ಮುಗಿಯೋವರೆಗೂ ಕಾಯೋದು ಬೇಡ. ನಾಳೆ ಕಂಪ್ಯೂಟರ್ ವಾಪಸ್ ಕಳಿಸ್ತೀನಿ. ನೀನೂ ಮನೆಗೆ ಹೋಗಮ್ಮ. ಏಯ್ ಮುತ್ತುಮಾರಿ, ನಿನ್ನ ರಿಜಿಸ್ಟರೇ ನಮಗೆ ಸರಿ."

ಗೆದ್ದಳು ಮುತ್ತುಮಾರಿ! ಗಡಿಯಾರ, ಗುಂಡಿ, ಕುರ್ಚಿ, ಎಲ್ಲ ಅವಳದೇ. ಪ್ಯಾಕಿಂಗ್ ಇಲ್ಲ. ಗೆದ್ದವಳಿಗೆ ಏನನ್ನಿಸಬೇಕು? ಅವಳಿಗೆ ಅನ್ನಿಸಿದ್ದು ಇಷ್ಟು: ಈ ಕೂಸು ನನಗೋಸ್ಕರ ಸುಳ್ಳು ಹೇಳಿತು, ನಾನು ಅವಳಿಗೋಸ್ಕರ ಒಂದು ನಿಜ ಹೇಳಲಿಲ್ಲ. ಇದರಲ್ಲೂ ನನಗಿಂತ ಮುಂದೆ ಹೋಗಿಬಿಟ್ಟಳಲ್ಲ, ಪಾಪಿ! ನಂಬಿದರೆ ನಂಬಿ, ಅವಳಿಗೆ ಆ ಕ್ಷಣದಲ್ಲಿ ಆದದ್ದು ನಾಚಿಕೆ ಅರ್ಧ, ಹೊಟ್ಟೆಕಿಚ್ಚು ಅರ್ಧ. ಓದು ಅವಳಿಗೆ, ಎ.ಸಿ. ಅವಳಿಗೆ, ವಾಚು ಅವಳಿಗೆ. ಒಳ್ಳೇತನವೂ ಅವಳಿಗೇ ಯಾಕೆ ಹೋಗಬೇಕು?

ರಿಜಿಸ್ಟರನ್ನು ಮೇನೇಜರ ಮೇಜಿನ ಮೇಲೇ ಬಿಚ್ಚಿದಳು. ಅವರ ಕೆಂಪು ಪೆನ್ನನ್ನು ಕೇಳದೆ ಎತ್ತಿಕೊಂಡಳು. ತಪ್ಪು ಬರೆದರೆ ಕೆಂಪಿನಲ್ಲಿ ತಿದ್ದಿ ಸಹಿ ಹಾಕಬೇಕು. ಅದು ರಾಮರ್ ಹೇಳಿಕೊಟ್ಟ ಪದ್ಧತಿ. ಹದಿನೆಂಟು ವರ್ಷದಲ್ಲಿ ಅವಳಿಗೆ ಕೆಂಪು ಪೆನ್ನು ಬೇಕಾಗಿರಲಿಲ್ಲ. ತಮಿಳಿನಲ್ಲಿ, ಗುಂಡನೆ ಅಕ್ಷರದಲ್ಲಿ, ಒಂದೊಂದು ದಿನದ ಮುಂದೆಯೂ ಬರೆಯುತ್ತಾ ಹೋದಳು. ಈ ದಿನ ಗಡಿಯಾರವನ್ನು ಎರಡು ನಿಮಿಷ ನಾನು ನೂಕಿದೆ. ಈ ದಿನ ಎರಡು. ಈ ದಿನ ಎರಡು. ಇವತ್ತು ಐದು. ಅಳಗಮ್ಮಾಳಿನ ಮೂರು ತಡವನ್ನೂ ಉಳಿದ ಹತ್ತು ಜನರ ತಡವನ್ನೂ ಗೀಟು ಹಾಕಿ ಹೊಡೆದಳು. ಕೆಳಗೆ ಸಹಿ ಹಾಕಿದಳು.

"ಅಕ್ಕಾ, ಬೇಡ" ಅಂತ ತಮಿಳರಸಿ ಮೆಲ್ಲಗೆ ಅಂದಳು.

"ಸುಮ್ನಿರು" ಅಂದಳು ಮುತ್ತುಮಾರಿ. ಆಮೇಲೆ ಮೇನೇಜರಿಗೆ, "ಕಂಪ್ಯೂಟರ್ ಸರಿಯಾಗೇ ಬರೆದಿದೆ ಸಾರ್. ನಾನೇ ಗಡಿಯಾರ ತಿರುಗಿಸಿದ್ದು" ಅಂದಳು.

"ಯಾಕೆ?"

"ಹೊಟ್ಟೆಕಿಚ್ಚಿಗೆ ಸಾರ್."

ಮೇನೇಜರು ರಿಜಿಸ್ಟರ್ ಓದಿದರು, ಕಂಪ್ಯೂಟರಿನ ಕಾಗದ ಬಿಡಿಸಿ ಪಕ್ಕದಲ್ಲಿಟ್ಟು ಓದಿದರು. ಎರಡೂ ತಾಳೆಯಾದವು, ಒಂದು ನಿಮಿಷ ವ್ಯತ್ಯಾಸ ಇಲ್ಲ. ಅವರು ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ವಾಸಿ. "ಗಡಿಯಾರವನ್ನು ಮೊದಲಿನ ಹಾಗೆ ಇಟ್ಟುಬಿಡಮ್ಮ. ನಾಳೆಯಿಂದ ಪ್ಯಾಕಿಂಗ್. ಕೀ ಇಲ್ಲಿಡು" ಅಂದರು. ಅವರ ಬಾಯಲ್ಲಿ ಮುತ್ತುಮಾರಿ 'ಅಮ್ಮ' ಅನ್ನಿಸಿಕೊಂಡದ್ದು ಅದೇ ಮೊದಲು. ಗಡಿಯಾರ ಮೊದಲಿನ ಜಾಗಕ್ಕೆ ಬಂತು. ಕಪ್ಪು ದಾರ ಕತ್ತರಿಸೋಕೆ ಅವಳಿಗೆ ಕತ್ತರಿ ಬೇಕಾಯಿತು, ಗಂಟು ಅಷ್ಟು ಗಟ್ಟಿಯಾಗಿತ್ತು.

ಮರುದಿನ ಪ್ಯಾಕಿಂಗಿನ ಶೆಡ್ಡಿನಲ್ಲಿ ಕೋನು ತುಂಬುತ್ತಾ ನಿಂತಿದ್ದಳು. ಬರಿದಾದ ಕುತ್ತಿಗೆಗೆ ಕೈ ಆಗಾಗ ಹೋಗುತ್ತಿತ್ತು. ಈಗ ಸೈರನ್ ಒತ್ತುವವಳು ತಮಿಳರಸಿ. ಎರಡಾಗುತ್ತಾ ಬಂದ ಹಾಗೆ ಮುತ್ತುಮಾರಿ ಮನಸ್ಸಿನಲ್ಲೇ ಎಣಿಸತೊಡಗಿದಳು. ಹದಿನೆಂಟು ವರ್ಷದ ಮೈಗೆ ಗಡಿಯಾರ ಬೇಕಿಲ್ಲ. ಒಂದು ನಿಮಿಷವಾದರೂ ತಪ್ಪಲಿ ದೇವರೇ, ಅರ್ಧ ನಿಮಿಷವಾದರೂ, ಅಂತ ಕಾದಳು. ಸೈರನ್ ಕೂಗಿತು. ತಪ್ಪಿರಲಿಲ್ಲ. ಸ್ವಲ್ಪ ಹೊತ್ತಿಗೆ, ಮೇನೇಜರು ಹೇಳಿಕಳಿಸಿದ್ದ ಅಳಗಮ್ಮಾಳ್ ಬಾಗಿಲಲ್ಲಿ ಇಣುಕಿ, ನಾನು ಒಳಗೆ ಬಂದೆ ಅನ್ನೋ ಹಾಗೆ ತಲೆಯಾಡಿಸಿ ಹೋದಳು. ನಗಲಿಲ್ಲ.

ಅವಳ ಹಿಂದೆಯೇ ತಮಿಳರಸಿ ಬಂದಳು. ಬಂದವಳೇ ಎಡಗೈ ಚಾಚಿದಳು. ಕೈಯಲ್ಲಿ ಆ ವಾಚು.

"ಏನಿದು?"

"ತಿರುಗಿಸಿಕೊಡು ಅಕ್ಕಾ. ಸೇರಿದ ದಿನಾನೇ ಮಾಡಬೇಕಂತೆ. ಕರುಪ್ಪಸಾಮಿ ಮಾಮ ಹೇಳಿದರು."

"ಅವತ್ತು ಬೇಕಂತಲೇ ಬಿಟ್ಟೆ."

"ಗೊತ್ತು" ಅಂದಳು ಹುಡುಗಿ. 

"ಈಗ ನೀನೇ ತಾನೆ ಟೈಮ್ ಆಫೀಸು. ನೀನೇ ತಿರುಗಿಸ್ಕೋ."

"ಕಂಪ್ಯೂಟರಿನಲ್ಲಿ ಇನ್ನೂ ನಿನ್ ಹೆಸರೇ ಅದೆ ಅಕ್ಕಾ. ಅದನ್ನ ನಾನು ತೆಗೆಯಾಕಿಲ್ಲ." ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ.

ಮುತ್ತುಮಾರಿ ಕೈಗೆ ಅಂಟಿದ ಹತ್ತಿಯನ್ನು ಸೀರೆಗೆ ಒರೆಸಿಕೊಂಡಳು. ತಂಗಿಯ ಮಣಿಕಟ್ಟು ಹಿಡಿದು ವಾಚಿನ ತಿರುಪು ಎಳೆದಳು. ಎಂಟು ನಿಮಿಷ ಮುಂದಕ್ಕೆ ತಿರುಗಿಸಿದಳು, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ತಿರುಪು ಒತ್ತಿ, ಕಣ್ಣು ತೇವವಾದದ್ದು ಕಾಣಬಾರದು ಅಂತ ವಾಚನ್ನೇ ನೋಡುತ್ತಾ ನಿಂತಳು. ಚೆನ್ನಾಗಿತ್ತು ವಾಚು, ಹಾಳಾದ್ದು. ತನಗೂ ಅಂಥದ್ದೊಂದು ಇರಬೇಕಿತ್ತು ಅಂತ ಆಗಲೂ ಅನ್ನಿಸಿತು.